ಸಂಘದೊಳಗಿನ ಜಗಳ: ಆಟಿಸಂ ಇರುವವರ ಕಡೆಯಿಂದ

(ಬೆಳಗಾವಿಯಲ್ಲಿ ವಿಕಲಚೇತನರ ಸಂಘಗಳ ಕಾರ್ಯಕರ್ತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಸಂಘದಲ್ಲಿ ಜಗಳ ಆಯಿತು ಎನ್ನಿ. ಮರುದಿನ ಚಹಾದಂಗಡಿ ಮುಂದೆ ತೀರ್ಪು ತಯಾರಿರುತ್ತದೆ: "ಬಿಡ್ರಿ, ಅವನ ಸ್ವಭಾವನ ಹಂಗೈತಿ." ಜಗಳದಲ್ಲಿ ಆಟಿಸಂ (ಸದ್ದು, ಬೆಳಕು, ಸ್ಪರ್ಶ, ಮಾತುಕತೆ ಬೇರೆ ರೀತಿ ಅನುಭವಕ್ಕೆ ಬರುವ, ಹುಟ್ಟಿನಿಂದ ಬಂದ ಮಿದುಳಿನ ರೀತಿ) ಇರುವವರು ಇದ್ದರಂತೂ ಮರುದಿನದವರೆಗೆ ಕಾಯುವುದೂ ಇಲ್ಲ. ಆಟಿಸಂ ಇರುವವನಾಗಿ ನಾನು ಇವತ್ತು ನಿಮ್ಮ ಮುಂದೆ ಇಡುವ ಮಾತು ಇದು. ಸ್ವಭಾವದ ತಲೆಗೆ ಕಟ್ಟುವ ಮೊದಲು ಸಭೆ ನಡೆದ ಕೋಣೆ, ಸಭೆ ನಡೆಸಿದ ರೀತಿ, ನಿರ್ಣಯ ಬರೆದ ಪುಸ್ತಕ, ಇವನ್ನು ತಪಾಸಣೆ ಮಾಡ್ರಿ. ಬಹಳಷ್ಟು ಜಗಳ ಅಲ್ಲೇ ಹುಟ್ಟಿರುತ್ತದೆ. ಉಳಿದದ್ದು ಹುದ್ದೆ, ಹಣ, ಅಧಿಕಾರ ಹಂಚಿಕೊಳ್ಳುವ ಜಗಳ. ಅದನ್ನು ಮುಚ್ಚಿಡಬಾರದು, ಎದುರಾಬದುರು ಕೂತು ಆಡಿಯೇ ತೀರಬೇಕು. ನಾವು ಸೋಲುವುದು ಮೊದಲನೆಯದನ್ನು ಎರಡನೆಯದು ಎಂದು ತಿಳಿದಾಗ, ಇಲ್ಲವೇ ಎರಡನ್ನೂ "ಹೊಂದಿಕೊಂಡು ಹೋಗ್ರಿ" ಎಂಬ ಒಂದೇ ಔಷಧಿಯಿಂದ ವಾಸಿ ಮಾಡಲು ಹೊರಟಾಗ.

ಕೋಣೆಯಿಂದ ಶುರು ಮಾಡೋಣ. ನಮ್ಮ ಸಭೆ ನಡೆಯುವುದು ಸಮುದಾಯ ಭವನದಲ್ಲಿ, ಶಾಲೆಯಲ್ಲಿ, ಇಲ್ಲವೇ ಪಂಚಾಯ್ತಿ ಸಭಾಂಗಣದಲ್ಲಿ. ಮೇಲೆ ಹಳೇ ಚೋಕಿನ ಟ್ಯೂಬ್‌ಲೈಟು. ನಮ್ಮ ಕರೆಂಟು 50 ಹರ್ಟ್ಸಿನದು, ಹಾಗಾಗಿ ಅಂಥ ಟ್ಯೂಬು ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಹೆಚ್ಚಿನವರ ಗಮನಕ್ಕೆ ಅದು ಬರುವುದಿಲ್ಲ. ನಮ್ಮಲ್ಲಿ ಕೆಲವರಿಗೆ ಅದರಿಂದ ತಲೆನೋವು, ಓಕರಿಕೆ. ಅದರ ಜೊತೆಗೆ ಫ್ಯಾನಿನ ಕಟಕಟ, ಕುಂಯ್ ಎನ್ನುವ ಮೈಕು, ಊದುಬತ್ತಿ ಹೊಗೆ. ಸತ್ಕಾರ ಎಂದು ಯಾರೋ ಹಿಂದಿನಿಂದ ಬಂದು ಹೆಗಲ ಮೇಲೆ ಶಾಲು ಹಾಕುತ್ತಾರೆ, ಮುನ್ಸೂಚನೆ ಇಲ್ಲದ ಆ ಸ್ಪರ್ಶಕ್ಕೆ ಇಡೀ ಮೈ ಬೆಚ್ಚುತ್ತದೆ. ಹೀಗೆ ಎರಡು ತಾಸು ಕಳೆದ ಮೇಲೆ ಒಬ್ಬರು ಎದ್ದು ನಿಂತು ಕೂಗಿದರೆ, ಅಜೆಂಡಾದ ನಾಲ್ಕನೇ ವಿಷಯಕ್ಕೆ ತೀವ್ರ ವಿರೋಧ ಎಂದು ನಡಾವಳಿಯಲ್ಲಿ ದಾಖಲಾಗುತ್ತದೆ.

ಹಾಗಾದರೆ ದೀಪ ಆರಿಸಿಬಿಡ್ರಿ ಅಂದರೆ? ಅಲ್ಲೇ ಕಿವುಡ ಗೆಳೆಯರು ಕೂತಿದ್ದಾರೆ. ಸಂಜ್ಞೆ ಭಾಷೆಯವರ ಕೈ, ಮುಖ ಎರಡೂ ಕಾಣದಿದ್ದರೆ ಅವರ ಪಾಲಿಗೆ ಸಭೆಯೇ ಇಲ್ಲ. ಇಲ್ಲಿ ಯಾರದೂ ತಪ್ಪಿಲ್ಲ. ಒಬ್ಬರ ಅಗತ್ಯ ಇನ್ನೊಬ್ಬರ ಅಗತ್ಯಕ್ಕೆ ಡಿಕ್ಕಿ ಹೊಡೆಯುತ್ತಿದೆ. ಇದನ್ನು ಹಾಗೆಂದು ಬಾಯಿಬಿಟ್ಟು ಹೇಳಿದರೆ ಅರ್ಧ ಬಿಸಿ ಆರುತ್ತದೆ, ಉಳಿದರ್ಧಕ್ಕೆ ಕೆಲಸ ಮಾಡಬೇಕು. ವೇದಿಕೆಯ ಕಡೆ ದೀಪ ಇರಲಿ, ಹಿಂದಿನ ಎರಡು ಸಾಲಿನ ಟ್ಯೂಬು ಆರಲಿ. ಸಂಜ್ಞೆ ಭಾಷೆಯ ಅನುವಾದಕರು ಕಿಟಕಿಗೆ ಬೆನ್ನು ಮಾಡಿ ನಿಲ್ಲಬಾರದು, ನಿಂತರೆ ಮುಖ ಕಪ್ಪಾಗಿ ಕಾಣುತ್ತದೆ. ಒಬ್ಬರೇ ಇದ್ದರೆ ಸೋತುಹೋಗುತ್ತಾರೆ, ಇಬ್ಬರನ್ನು ಕರೆಸಿ ಸುಮಾರು 20 ನಿಮಿಷಕ್ಕೊಮ್ಮೆ ಬದಲಾಯಿಸಬೇಕು. ಹಿಂದಿನ ಸಾಲಿನ ನಾಲ್ಕಾರು ಕುರ್ಚಿ ಬಾಗಿಲಿನ ಪಕ್ಕ ಇರಲಿ, ಎದ್ದು ಹೋಗಿ ಮತ್ತೆ ಬರುವವರನ್ನು ಯಾರೂ ಕೇಳಬಾರದು, ಕರೆಯಬಾರದು.

ಚಪ್ಪಾಳೆಯದೂ ಇದೇ ಪಾಡು. ಥಟ್ಟನೆ ಬೀಳುವ ಚಪ್ಪಾಳೆ ನಮ್ಮಲ್ಲಿ ಕೆಲವರಿಗೆ ಕಿವಿಗೆ ಹೊಡೆತ. ಕಿವುಡರ ಪದ್ಧತಿಯಂತೆ ಎರಡೂ ಕೈ ಎತ್ತಿ ಆಡಿಸೋಣ ಎಂದರೆ, ಸಭೆ ಮೆಚ್ಚಿತೋ ಮುಖ ತಿರುಗಿಸಿತೋ ಅಂಧ ಸದಸ್ಯರಿಗೆ ತಿಳಿಯುವುದಿಲ್ಲ. 2018ರಲ್ಲಿ ಮ್ಯಾಂಚೆಸ್ಟರ್‌ನ ವಿದ್ಯಾರ್ಥಿ ಸಂಘ ಕೈ ಆಡಿಸುವ ಪದ್ಧತಿ ತಂದಾಗ ಬ್ರಿಟನ್ನಿನ ಪತ್ರಿಕೆಗಳಿಗೆ ಅದೊಂದು ತಮಾಷೆಯ ವಸ್ತುವಾಯಿತು. ಉತ್ತರ ಸರಳವಿತ್ತು: ಸಭೆ ಕೈ ಆಡಿಸಲಿ, ಮೈಕ್ ಹಿಡಿದವರು "ಎಲ್ಲರೂ ಕೈ ಎತ್ತಿದ್ದಾರೆ" ಎಂದು ಬಾಯಲ್ಲಿ ಹೇಳಲಿ. ಎಲ್ಲ ಕಡೆ ಡಿಕ್ಕಿಯೇ ಆಗುತ್ತದೆ ಎಂದೇನಲ್ಲ. ಮಾತಾಡುವ ಮೊದಲು ಪ್ರತಿಯೊಬ್ಬರೂ ತಮ್ಮ ಹೆಸರು ಹೇಳಬೇಕು ಎಂದು ಅಂಧರು ಕೇಳುತ್ತಾರೆ, ಮುಖ ಗುರುತಿಸಲು ಕಷ್ಟಪಡುವ ನಮಗೂ ಅದೇ ಬೇಕು. ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಬೀಳಬಾರದು ಎಂದು ಕಿವುಡರು ಕೇಳುತ್ತಾರೆ, ಅದೂ ನಮಗೆ ಬೇಕು.

ಕಷ್ಟದ್ದು ಯಾವುದು ಗೊತ್ತೇನ್ರೀ? ಆಟಿಸಂ ಇರುವ ಇಬ್ಬರ ನಡುವಿನ ಡಿಕ್ಕಿ. ಒಬ್ಬರಿಗೆ ಗುನುಗುತ್ತಾ, ಸದ್ದು ಮಾಡುತ್ತಾ ಇದ್ದರೇ ಮನಸ್ಸು ನಿಲ್ಲುತ್ತದೆ. ಇನ್ನೊಬ್ಬರಿಗೆ ಆ ಸದ್ದೇ ಸಹಿಸದು. ಸದ್ದು ಮಾಡುವವರನ್ನು ಹೊರಗೆ ಕಳಿಸುವುದು ಎಲ್ಲರಿಗೂ ಸುಲಭವಾಗಿ ಹೊಳೆಯುವ ದಾರಿ, ಅದು ಸರಿಯಲ್ಲ. ಪಕ್ಕದ ಕೋಣೆಯಲ್ಲಿ ಒಂದು ಸ್ಪೀಕರ್ ಇಟ್ಟು, ದನಿ ಕಡಿಮೆ ಮಾಡಿ, ಅಲ್ಲಿಂದಲೂ ಚೀಟಿ ಕಳಿಸಿ ಮತ ಹಾಕುವ ಹಕ್ಕು ಇಡಬೇಕು. ಯಾವ ಕೋಣೆ ಬೇಕೆಂದು ಅವರವರೇ ಆರಿಸಿಕೊಳ್ಳಲಿ. ಪಕ್ಕದ ಕೋಣೆಯಲ್ಲಿ ಕೂತವರ ಮತ ಎಣಿಸದೆ ಬಿಟ್ಟರೆ ಅದು ಹೊರಹಾಕಿದ್ದಕ್ಕೆ ಸಮ.

ಇನ್ನು ಬೆಳಗಾವಿಯದೇ ಒಂದು ವಿಶೇಷ. ಇಲ್ಲಿ ಒಂದೇ ಸಭೆಯಲ್ಲಿ ಕನ್ನಡ, ಮರಾಠಿ, ಉರ್ದು ಆಡುವವರು ಇರುತ್ತಾರೆ. ಮಗ್ಗುಲಲ್ಲಿ ಕೂತವರು ಪಿಸುಗುಟ್ಟಿ ಅನುವಾದ ಮಾಡುವುದು ರೂಢಿ. ಎರಡು ದನಿ ಒಟ್ಟಿಗೆ ಬಂದರೆ ನಮ್ಮಲ್ಲಿ ಅನೇಕರಿಗೆ ಎರಡೂ ಅರ್ಥವಾಗುವುದಿಲ್ಲ. ಆಗ ಒಬ್ಬರು "ಆ ಮಾತು ನಿಲ್ಲಿಸ್ರಿ" ಅಂದರೆ ಮುಗಿಯಿತು, ಸದ್ದಿನ ಸಂಕಟ ಭಾಷೆಯ ಜಗಳವಾಗಿ ಬಿಡುತ್ತದೆ. ಈ ಊರಲ್ಲಿ ಆ ಜಗಳ ಯಾವ ದಾರಿ ಹಿಡಿಯುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಒಂದು ಭಾಷೆ ಮುಗಿದ ಮೇಲೆ ಇನ್ನೊಂದು, ಸರದಿಯಲ್ಲಿ ಅನುವಾದ ಮಾಡಿಸ್ರಿ. ಸಮಯ ಎರಡು ಪಟ್ಟು ಹಿಡಿಯುತ್ತದೆ, ಹಾಗಾಗಿ ಅಜೆಂಡಾ ಅರ್ಧಕ್ಕೆ ಇಳಿಸ್ರಿ. ಎಂಟು ವಿಷಯ ಇಟ್ಟು ಕೊನೆಯ ಮೂರನ್ನು ಐದು ನಿಮಿಷದಲ್ಲಿ ಪಾಸು ಮಾಡುವುದು ನಾಳಿನ ಜಗಳದ ಬೀಜ.

ಪಾಸು ಮಾಡುವುದು ಎಂದಾಗ ನೆನಪಾಯಿತು. "ಮೌನಂ ಸಮ್ಮತಿ ಲಕ್ಷಣಂ" ಎಂದು ಹೇಳಿ ನಿರ್ಣಯ ಮುಗಿಸುವ ಅಧ್ಯಕ್ಷರು ಎಲ್ಲ ತಾಲ್ಲೂಕಿನಲ್ಲೂ ಇದ್ದಾರೆ. ನಮ್ಮ ಮೌನ ಸಮ್ಮತಿ ಎಂದು ದಯವಿಟ್ಟು ತಿಳಿಯಬೇಡ್ರಿ. ಒತ್ತಡ ಮಿತಿ ಮೀರಿದಾಗ ಕೆಲವರಿಗೆ ಮೆಲ್ಟ್‌ಡೌನ್ ಆಗುತ್ತದೆ, ಅದು ಅಳು, ಕೂಗಾಟವಾಗಿ ಹೊರಗೆ ಕಾಣುತ್ತದೆ. ಇನ್ನು ಕೆಲವರಿಗೆ ಶಟ್‌ಡೌನ್ ಆಗುತ್ತದೆ: ಕೂತಲ್ಲೇ ಮಾತು ನಿಂತುಹೋಗುತ್ತದೆ, ತಲೆ ಆಡಿಸಲೂ ಆಗುವುದಿಲ್ಲ. ಶಾಂತವಾಗಿ ಕೂತಿದ್ದಾರೆ ಎಂದು ಸಭೆ ತಿಳಿಯುತ್ತದೆ. ಎರಡು ದಿನ ಬಿಟ್ಟು ಅವರು ಉದ್ದನೆಯ ಪತ್ರ ಬರೆದಾಗ "ಸಭೆಯಾಗ ಯಾಕ ಹೇಳಲಿಲ್ಲ? ಈಗ ರಾಜಕೀಯ ಮಾಡಾಕತ್ತಾರ" ಎಂಬ ಮಾತು ಹೊರಡುತ್ತದೆ. ಹೀಗೆ ಸಂಘ ಬಿಟ್ಟವರು ಕಡಿಮೆ ಇಲ್ಲ.

ಇದಕ್ಕೆ ಮಾಡಬೇಕಾದದ್ದು ಬೈಲಾದಲ್ಲಿ ಎರಡು ಸಾಲು ಸೇರಿಸುವ ಕೆಲಸ. ಅಜೆಂಡಾ ಏಳು ದಿನ ಮೊದಲು ಬರಹದಲ್ಲೂ ಧ್ವನಿಯಲ್ಲೂ ತಲುಪಬೇಕು. ವಿಷಯದ ಹೆಸರಷ್ಟೇ ಸಾಲದು, ಆ ವಿಷಯದ ಮೇಲೆ ಸಭೆಯಿಂದ ಏನು ನಿರ್ಧಾರ ಬೇಕು ಎಂದು ಅದರಲ್ಲಿ ಇರಬೇಕು. "ಕಾರ್ಯಕ್ರಮದ ಬಗ್ಗೆ ಚರ್ಚೆ" ಎಂದು ಬರೆದರೆ ನಮಗೆ ಏನೂ ತಿಳಿಯುವುದಿಲ್ಲ. "ಡಿಸೆಂಬರ್ 3ರ ಅಂಗವಿಕಲರ ದಿನಕ್ಕೆ ಸಂಘದ ಖಾತೆಯಿಂದ ಎಷ್ಟು ಹಣ, ಯಾರ ಸಹಿಯಿಂದ" ಎಂದು ಬರೆದರೆ ತಯಾರಾಗಿ ಬರುತ್ತೇವೆ. ಎರಡನೆಯದು, ಸಭೆಯಲ್ಲಿ ಆದ ನಿರ್ಣಯ 72 ತಾಸಿನವರೆಗೆ ತಾತ್ಕಾಲಿಕ. ಅಷ್ಟರೊಳಗೆ ಯಾರಾದರೂ ಬರೆದು ಆಕ್ಷೇಪಿಸಿದರೆ ಆ ಒಂದು ವಿಷಯ ಮತ್ತೆ ಬರುತ್ತದೆ, ಒಂದೇ ಸಲ. ಆ ಕೊನೆಯ ಎರಡು ಪದ ಬಿಡಬೇಡ್ರಿ. ಬಿಟ್ಟರೆ ಪ್ರತಿ ನಿರ್ಣಯವನ್ನೂ ವರ್ಷಗಟ್ಟಲೆ ಎಳೆದಾಡುವವರು ಸಿಗುತ್ತಾರೆ, ಅವರಲ್ಲಿ ಆಟಿಸಂ ಇರುವವರೂ ಇರುತ್ತಾರೆ. ನ್ಯಾಯ ಎಂದು ಹಿಡಿದದ್ದನ್ನು ಬಿಡಲು ನಮಗೆ ಕಷ್ಟ, ಅದನ್ನು ನಾವೂ ಒಪ್ಪಿಕೊಳ್ಳಬೇಕು.

ಮಾತಾಡದ ಸದಸ್ಯರು ಅಕ್ಷರ ಹಲಗೆಯ ಮೇಲೆ ಒಂದೊಂದೇ ಅಕ್ಷರ ತೋರಿಸಿ ಹೇಳುತ್ತಾರೆ. ಎಲ್ಲರಿಗೂ ಎರಡು ನಿಮಿಷ ಎಂಬ ನಿಯಮ ಅವರ ಪಾಲಿಗೆ ಅರ್ಧ ವಾಕ್ಯ. ನಿಮಿಷ ಬಿಟ್ಟು ಸರದಿ ಎಣಿಸ್ರಿ: ಒಬ್ಬರಿಗೆ ಒಂದು ವಿಷಯದ ಮೇಲೆ ಎರಡು ಸರದಿ, ಹಿಡಿದಷ್ಟು ಹೊತ್ತು ಹಿಡಿಯಲಿ. ವಾಕ್ಯವನ್ನು ನೀವೇ ಊಹಿಸಿ ಮುಗಿಸಬೇಡ್ರಿ.

ಈಗ ಒರಟು ಮಾತಿನ ವಿಷಯ. ಖಜಾಂಚಿ ಕಾಕಾ ಲೆಕ್ಕ ಓದುತ್ತಾರೆ. ಆಟಿಸಂ ಇರುವ ಹುಡುಗಿ ಎದ್ದು "ಮೂರನೇ ಸಾಲು ಕೂಡಿಸಿದರ 340 ರೂಪಾಯಿ ಕಮ್ಮಿ ಬರ್ತೈತಿ" ಎನ್ನುತ್ತಾಳೆ. ಅವಳು ಹೇಳಿದ್ದು ಕೂಡಿಸಿದ್ದು ತಪ್ಪಾಗಿದೆ ಎಂದು. ಸಭೆ ಕೇಳಿದ್ದು ಕಾಕಾ ತಿಂದಿದ್ದಾರೆ ಎಂದು. ಹಿರಿಯರು, ಮೂವತ್ತು ವರ್ಷ ಸಂಘಕ್ಕೆ ದುಡಿದವರು, ಅವರ ಮಗ ಎದ್ದು ನಿಂತ, ಮುಗಿಯಿತು. ಇಂಥಲ್ಲಿ ಅವಳಿಗೆ ಮಾತಿನ ತರಬೇತಿ ಕೊಡಿಸಬೇಕೆಂದು ಎಲ್ಲರೂ ಹೇಳುತ್ತಾರೆ. ಡೇಮಿಯನ್ ಮಿಲ್ಟನ್ ಎಂಬ ಆಟಿಸಂ ಇರುವ ಸಮಾಜಶಾಸ್ತ್ರಜ್ಞ 2012ರಲ್ಲಿ ಬೇರೆ ಮಾತು ಹೇಳಿದರು: ಅರ್ಥವಾಗದಿರುವುದು ಎರಡೂ ಕಡೆಯ ತೊಡಕು, ಒಂದೇ ಕಡೆಯ ಕೊರತೆಯಲ್ಲ. 2020ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಎಂಟೆಂಟು ಜನರ ಸಾಲು ಮಾಡಿ ಒಂದು ಕಥೆಯನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಿದರು. ಎಲ್ಲರೂ ಆಟಿಸಂ ಇರುವವರ ಸಾಲಿನಲ್ಲಿ ಕಥೆ ಉಳಿದಷ್ಟೇ ಆಟಿಸಂ ಇಲ್ಲದವರ ಸಾಲಿನಲ್ಲೂ ಉಳಿಯಿತು. ಎರಡೂ ಬಗೆಯವರನ್ನು ಬೆರೆಸಿದ ಸಾಲಿನಲ್ಲೇ ಹೆಚ್ಚು ಸೋರಿಹೋಯಿತು. ನಮ್ಮ ಸಂಘಗಳೆಲ್ಲ ಬೆರೆತ ಸಾಲುಗಳೇ. ಹಾಗಾಗಿ ಲೆಕ್ಕಪತ್ರ ಸಭೆಗೆ ಮೂರು ದಿನ ಮೊದಲು ಎಲ್ಲರ ಕೈಗೆ ಹೋಗಲಿ, ಪ್ರಶ್ನೆಗಳು ಬರಹದಲ್ಲಿ ಬರಲಿ, ಖಜಾಂಚಿ ಸಭೆಯಲ್ಲಿ ಉತ್ತರವನ್ನೇ ಓದಲಿ. ಕಾಕಾರ ಮರ್ಯಾದೆ ಉಳಿಯುತ್ತದೆ, 340 ರೂಪಾಯಿಯೂ ಸಿಗುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಪದ್ಧತಿಯಿಂದ ಬಗೆಹರಿಯುವ ಜಗಳ. ಹಂಚಿಕೆಯ ಜಗಳ ಹಾಗೆ ಬಗೆಹರಿಯುವುದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 34ನೇ ಕಲಂ ನೋಡ್ರಿ. ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇ 4. ಅಂಧರು ಮತ್ತು ಮಂದದೃಷ್ಟಿಯವರಿಗೆ ಶೇ 1, ಕಿವುಡರು ಮತ್ತು ಮಂದಶ್ರವಣದವರಿಗೆ ಶೇ 1, ಸೆರೆಬ್ರಲ್ ಪಾಲ್ಸಿ ಸೇರಿದಂತೆ ಕೈಕಾಲಿನ ವೈಕಲ್ಯಕ್ಕೆ ಶೇ 1. ಉಳಿದ ಶೇ 1ರಲ್ಲಿ ಆಟಿಸಂ, ಬೌದ್ಧಿಕ ವೈಕಲ್ಯ, ಕಲಿಕಾ ವೈಕಲ್ಯ, ಮಾನಸಿಕ ಅಸ್ವಸ್ಥತೆ, ಅದರ ಮೇಲೆ ಬಹುವಿಧ ವೈಕಲ್ಯ, ಎಲ್ಲ ಒಟ್ಟಿಗೆ. ಅಲ್ಲೇ ಇನ್ನೊಂದು ಉಪಕಲಂ ಇದೆ, ಅದನ್ನು ಓದದೆ ನಮ್ಮ ಜಗಳ ಅರ್ಥವಾಗದು. ಒಂದು ಗುಂಪಿನ ಹುದ್ದೆಗೆ ಅರ್ಹರು ಸಿಗದಿದ್ದರೆ ಅದು ಮುಂದಿನ ವರ್ಷಕ್ಕೆ ಹೋಗುತ್ತದೆ. ಆ ವರ್ಷವೂ ಸಿಗದಿದ್ದರೆ ಉಳಿದ ಗುಂಪುಗಳಿಗೆ ಅದಲುಬದಲು ಮಾಡಬಹುದು. ನಮ್ಮ ಹುದ್ದೆ ಖಾಲಿ ಉಳಿದರೆ ಪಕ್ಕದಲ್ಲಿ ಕೂತ ಗೆಳೆಯರಿಗೆ ಲಾಭ ಎಂದು ಇದರರ್ಥ. ಯಾರೂ ಕೆಟ್ಟವರಲ್ಲ, ಆದರೆ ಪರೀಕ್ಷೆಯ ರೀತಿ ನಮಗೆ ತಕ್ಕಂತೆ ಬದಲಾಗಲಿ ಎಂದು ಸಂಘ ಗಟ್ಟಿಯಾಗಿ ಕೇಳದೇ ಇರಲು ಇಲ್ಲೊಂದು ಕಾರಣವಿದೆ. ಇದನ್ನು ಸಭೆಯಲ್ಲಿ ಹೇಳಿದರೆ ಒಗ್ಗಟ್ಟು ಮುರಿಯುತ್ತೀರಿ ಎನ್ನುತ್ತಾರೆ. ನನ್ನ ಪ್ರಕಾರ ಹೇಳದಿದ್ದರೇ ಮುರಿಯುತ್ತದೆ. ಮನವಿಯಲ್ಲಿ ಹೀಗೆ ಬರೆಸ್ರಿ: ಅದಲುಬದಲು ಮಾಡುವ ಮೊದಲು, ಆಟಿಸಂ ಇರುವ ಅಭ್ಯರ್ಥಿಗಳಿಗೆ ಯಾವ ಅನುಕೂಲ ಒದಗಿಸಿ ಪರೀಕ್ಷೆ, ಸಂದರ್ಶನ ನಡೆಸಿದಿರಿ ಎಂದು ಇಲಾಖೆ ಬರಹದಲ್ಲಿ ಹೇಳಬೇಕು. ಅದಕ್ಕೆ ಎಲ್ಲ ಗುಂಪಿನವರೂ ಸಹಿ ಹಾಕಲಿ. ಹಾಕುವುದಿಲ್ಲ ಎಂದವರ ಜೊತೆ ಜಗಳವಾಡ್ರಿ, ಅದು ಆಡಲೇಬೇಕಾದ ಜಗಳ.

ಪ್ರಮಾಣಪತ್ರದ ಶೇಕಡಾ ಲೆಕ್ಕವೂ ನಮ್ಮನ್ನು ಒಡೆಯುತ್ತದೆ. ಆಟಿಸಂ ಅಳೆಯುವ ಐಸಾ ಮಾಪಕದಲ್ಲಿ 40 ಅಂಶ, ಒಂದೊಂದಕ್ಕೆ 1ರಿಂದ 5 ಅಂಕ, 70 ಮುಟ್ಟದಿದ್ದರೆ ಪ್ರಮಾಣಪತ್ರ ಸಿಗುವುದು ಕಷ್ಟ. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ಪಟ್ಟಿ ಶೇ 40ಕ್ಕಿಂತ ಕಡಿಮೆಗೆ ಬಿಳಿ, 40ರಿಂದ ಹಳದಿ, 80ರಿಂದ ನೀಲಿ. ಪಿಂಚಣಿಗೆ, ಮೀಸಲಾತಿಗೆ ಆ ಲೆಕ್ಕ ಬೇಕು. ಸಂಘದಲ್ಲಿ ಮಾತಾಡಲು ಯಾಕೆ ಬೇಕು? ಅಗತ್ಯದ ಅನುಕೂಲ ಪಡೆಯಲು ಶೇ 40ರ ಅಳತೆ ಬೇಕಿಲ್ಲ ಎಂದು ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ 2021ರಲ್ಲಿ ಹೇಳಿದೆ. ಕೋರ್ಟು ಕೇಳದ ಕಾರ್ಡನ್ನು ನಾವು ಕೇಳುತ್ತಿದ್ದೇವೆ.

ವಿಕಲಚೇತನರಿಗೆಂದು ಪಂಚಾಯ್ತಿ ತೆಗೆದಿಡುವ ಶೇ 5ರ ನಿಧಿಯಲ್ಲೂ ಕಣ್ಣಿಗೆ ಕಾಣುವ ವೈಕಲ್ಯವೇ ಮುಂದೆ. ತ್ರಿಚಕ್ರ ವಾಹನ ಫೋಟೋದಲ್ಲಿ ಚೆನ್ನಾಗಿ ಬರುತ್ತದೆ. ವಿಕಲಚೇತನರಿಗೆಂದು ನಡೆಯುವ ಸಮನ್ವಯ ಗ್ರಾಮಸಭೆಗೆ ಹೋಗುವಾಗ ನಮ್ಮವರು ಬೇಕಾದ ವಸ್ತುವಿನ ಹೆಸರು, ಬೆಲೆ, ಸಂಖ್ಯೆ ಬರೆದುಕೊಂಡು ಹೋಗಬೇಕು: ಕಿವಿಗೆ ಹಾಕುವ ಸದ್ದು ತಡೆಯುವ ಕವಚ ಇಷ್ಟು, ಚಿತ್ರದ ಹಲಗೆ ಇಷ್ಟು. ಊರಿನ ವಿ.ಆರ್.ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಕೈಗೆ ಒಂದು ಪ್ರತಿ, ಪಿಡಿಒಗೆ ಒಂದು, ಸ್ವೀಕೃತಿ ಸಹಿ ಸಹಿತ.

ಒಡಕಿಗೆ ಹೆದರುವವರಿಗೆ 2016ರ ಹಕ್ಕುಗಳ ಕಾಯ್ದೆಯ ಹುಟ್ಟನ್ನೇ ನೆನಪಿಸುತ್ತೇನೆ. 2014ರ ಫೆಬ್ರವರಿಯಲ್ಲಿ ಮಸೂದೆ ರಾಜ್ಯಸಭೆಗೆ ಬಂದಾಗ ದೇಶದ ಚಳವಳಿ ಎರಡಾಯಿತು. ಸಿಕ್ಕಷ್ಟು ತಗೊಳ್ಳೋಣ, ಆಮೇಲೆ ತಿದ್ದೋಣ ಎಂದವರು ಒಂದು ಕಡೆ. ಹಕ್ಕು ಸಡಿಲವಾದ ಮಸೂದೆ ಬೇಡವೇ ಬೇಡ ಎಂದವರು ಇನ್ನೊಂದು ಕಡೆ. 2016ರ ಡಿಸೆಂಬರಿನಲ್ಲಿ ಪಾಸಾದಾಗ 19 ಇದ್ದ ವೈಕಲ್ಯಗಳು 21 ಆಗಿದ್ದವು, ಶೇ 5 ಇದ್ದ ಉದ್ಯೋಗ ಮೀಸಲು ಶೇ 4ಕ್ಕೆ ಇಳಿದಿತ್ತು. "ನ್ಯಾಯಸಮ್ಮತ ಉದ್ದೇಶ" ಇದ್ದರೆ ತಾರತಮ್ಯ ಮಾಡಬಹುದು ಎಂಬ ಮೂರನೇ ಕಲಮಿನ ಕಿಂಡಿ ಇಂದಿಗೂ ತೆರೆದೇ ಇದೆ. ಎರಡೂ ಕಡೆಯವರ ಮಾತಿನಲ್ಲಿ ಹುರುಳಿತ್ತು. ಅಂದು ಎದುರಾಬದುರು ನಿಂತವರಲ್ಲಿ ಯಾರು ದ್ರೋಹಿಗಳು ಎಂಬ ಚರ್ಚೆಯಿಂದ ಯಾರಿಗೂ ಒಂದು ರ‍್ಯಾಂಪ್ ಕೂಡ ಸಿಗಲಿಲ್ಲ.

ಪೋಷಕರ ಮಾತಿಗೆ ಬರದೆ ವಿಧಿಯಿಲ್ಲ, ಎದುರಿಗೇ ಬಹಳ ಜನ ಕೂತಿದ್ದೀರಿ. 1993ರಲ್ಲಿ ಟೊರಾಂಟೊದಲ್ಲಿ ಜಿಮ್ ಸಿಂಕ್ಲೇರ್ ಎಂಬ ಆಟಿಸಂ ಇರುವವರು ಪೋಷಕರ ಮುಂದೆ ನಿಂತು, ನಮಗಾಗಿ ಗೋಳಾಡಬೇಡಿ ಎಂದರು. ಆ ಜಗಳ ಇನ್ನೂ ಮುಗಿದಿಲ್ಲ. "ನೀವು ಮೈಕ್ ಹಿಡಿದು ಮಾತಾಡ್ತೀರಿ, ನನ್ನ ಮಗ ಬಟ್ಟೀನೂ ಹಾಕ್ಕೊಳ್ಳಂಗಿಲ್ಲ. ಅವನ ಪರ ನೀವ್ ಹೆಂಗ ಮಾತಾಡ್ತೀರಿ?" ಪೋಷಕರ ಈ ಪ್ರಶ್ನೆಯಲ್ಲಿ ಒಂದು ಪಾಲು ನಿಜ. ಇಪ್ಪತ್ನಾಲ್ಕು ತಾಸಿನ ಆರೈಕೆ, ಅಪ್ಪ ಅವ್ವ ಹೋದ ಮೇಲೆ ಇರುವ ಮನೆ, ಇವುಗಳ ಬಗ್ಗೆ ನಿರ್ಣಯ ಮಾಡುವಾಗ ಮಾತು ಬಲ್ಲ ನಾವಷ್ಟೇ ಕೂತರೆ ತಪ್ಪಾಗುತ್ತದೆ. ಇನ್ನೊಂದು ಪಾಲು ಸರಿಯಲ್ಲ. ಗಾಲಿಕುರ್ಚಿಯ ಮೇಲೆ ಕೂತ ಅಧ್ಯಕ್ಷರಿಗೆ, ನೀವು ಅಂಧರ ಪರ ಹೇಗೆ ಸಹಿ ಮಾಡುತ್ತೀರಿ ಎಂದು ಯಾರೂ ಕೇಳುವುದಿಲ್ಲ.

1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯನ್ನೇ ನೋಡ್ರಿ. ಆಟಿಸಂ ಇರುವವರಿಗೆ ಕಾನೂನುಬದ್ಧ ಪಾಲಕರನ್ನು (ಗಾರ್ಡಿಯನ್) ನೇಮಿಸುವುದು ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿ. ಜಿಲ್ಲಾಧಿಕಾರಿ ಮಟ್ಟದ ಅಧಿಕಾರಿ, ಒಬ್ಬ ಸಂಸ್ಥೆಯ ಪ್ರತಿನಿಧಿ, ಒಬ್ಬ ವಿಕಲಚೇತನ ವ್ಯಕ್ತಿ ಅದರಲ್ಲಿರಬೇಕು. ಆ ಮೂರನೆಯವರು 1995ರ ವಿಕಲಚೇತನರ ಕಾಯ್ದೆಯ ಪಟ್ಟಿಯಂತೆ ವಿಕಲಚೇತನರಾಗಿರಬೇಕು ಎಂದು ಬರೆದರು. ಆ ಪಟ್ಟಿಯ ಏಳು ವೈಕಲ್ಯಗಳಲ್ಲಿ ಆಟಿಸಂ ಇರಲೇ ಇಲ್ಲ. ನಮ್ಮ ಬದುಕು ನಿರ್ಧರಿಸುವ ಮೇಜಿನಲ್ಲಿ ನಮಗೆ ಕುರ್ಚಿ ಇಡುವುದನ್ನೇ ಮರೆತಿದ್ದರು. ಪೋಷಕರು ಇದಕ್ಕೂ ಸಿಟ್ಟಾಗಬೇಕು ಎಂಬುದು ನನ್ನ ಬೇಡಿಕೆ. ಸಂಘದೊಳಗೆ ಮಾಡಬಹುದಾದದ್ದು: ಪೋಷಕರ ಸಭೆಗೆ ಬೇರೆ ಹೊತ್ತು, ಜಂಟಿ ಸಮಿತಿಯಲ್ಲಿ ವಿಕಲಚೇತನರೇ ಬಹುಮತ, ಮಾತಾಡದ ಸದಸ್ಯರ ಸಹಾಯಕರಿಗೆ ಮತವಿಲ್ಲ. ಮತ್ತು ಮಕ್ಕಳ ಶೌಚದ ಕಥೆ, ಹೊಡೆತದ ಕಥೆ ಅವರ ಎದುರಿಗೇ ಮೈಕಿನಲ್ಲಿ ಹೇಳುವುದು ಬಂದ್ ಆಗಬೇಕು. ಮಾತು ಬಾರದವರಿಗೆ ಕೇಳಿಸುತ್ತದೆ.

ಕೊನೆಗೆ, ಜಗಳ ಸ್ಫೋಟವಾದ ದಿನ. ಮೆಲ್ಟ್‌ಡೌನ್ ಆದವರ ಸುತ್ತ ಗುಂಪುಗೂಡಬೇಡ್ರಿ, ಮೈ ಮುಟ್ಟಬೇಡ್ರಿ, ಪ್ರಶ್ನೆ ಕೇಳಬೇಡ್ರಿ. ಒಬ್ಬರೇ ದೂರದಲ್ಲಿ ಇರಲಿ, ನೀರು ಇಟ್ಟು ಬರಲಿ. ಸಭೆ ಕನಿಷ್ಠ 20 ನಿಮಿಷ ನಿಲ್ಲಲಿ. ಅದೇ ದಿನ ಕ್ಷಮೆ ಕೇಳಿಸುವುದು, ಹಿರಿಯರು ಮುಂದೆ ನಿಂತು ಕೈಗೆ ಕೈ ಕೊಡಿಸುವುದು ಬೇಡ. ಆ ಕೈಕುಲುಕು ಫೋಟೋಕ್ಕೆ ಸರಿ, ವಿಷಯ ಹಾಗೇ ಉಳಿಯುತ್ತದೆ. ಮೂರು ದಿನ ಬಿಟ್ಟು ಇಬ್ಬರಿಂದಲೂ ಬರಹ ತರಿಸ್ರಿ: ಏನು ಹೇಳಲಾಯಿತು, ಏನು ಮಾಡಲಾಯಿತು, ಈಗ ಏನು ಬೇಕು. ಮನಸ್ಸಿನಲ್ಲಿ ಏನಿತ್ತು ಎಂಬ ಊಹೆಗೆ ಜಾಗ ಕೊಡಬೇಡ್ರಿ. ಓದುವವರು ಎರಡೂ ಗುಂಪಿಗೆ ಸೇರದವರಾಗಿರಲಿ.

ಇದರ ಜೊತೆಗೇ ಇನ್ನೊಂದು. ಬೆದರಿಸುವುದು, ಹೆಣ್ಣುಮಕ್ಕಳ ಮೈಮೇಲೆ ಹೋಗುವುದು, ಹಣ ಕಸಿಯುವುದು ಮೆಲ್ಟ್‌ಡೌನ್ ಅಲ್ಲ. "ಪಾಪ, ಅವಗ ಆಟಿಸಂ ಐತಿ" ಎಂದು ದೂರು ನುಂಗುವುದು ದೂರು ಕೊಟ್ಟವಳಿಗೂ ಅನ್ಯಾಯ, ಯಾರಿಗೂ ತೊಂದರೆ ಕೊಡದೆ ಬದುಕುವ ನಮಗೂ ಅವಮಾನ. ಹತ್ತು ಮತ್ತು ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಯಲ್ಲಿ, ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಆಂತರಿಕ ಸಮಿತಿ ಇರಲೇಬೇಕು. ಕಡಿಮೆ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು, ಸಾಮಾನ್ಯವಾಗಿ ಮೂರು ತಿಂಗಳೊಳಗೆ. ಆರೋಪಿಗೆ ಆಟಿಸಂ ಇದ್ದರೆ ಪ್ರಶ್ನೆಗಳನ್ನು ಬರಹದಲ್ಲಿ ಕೊಡ್ರಿ, ಉತ್ತರಿಸಲು ಸಮಯ ಕೊಡ್ರಿ. ವಿಚಾರಣೆಯೇ ಬೇಡ ಎನ್ನಬೇಡ್ರಿ.

ಜಗಳವಾಗಿ ಬಿಟ್ಟು ಹೋದವರನ್ನು ಮತ್ತೆ ಕರೆಯುವಾಗ "ಆದದ್ದು ಆಗಿಹೋಯ್ತು, ಬರ್ರಿ" ಎಂದು ಫೋನ್ ಮಾಡಬೇಡ್ರಿ. ಪತ್ರ ಬರೆಯಿರಿ. ಹೋದಾಗಿನಿಂದ ಯಾವ ನಿಯಮ ಬದಲಾಗಿದೆ, ಮುಂದಿನ ಸಭೆ ಯಾವ ಕೋಣೆಯಲ್ಲಿ, ಯಾವ ದೀಪ, ಎಷ್ಟು ಹೊತ್ತು, ಜಗಳವಾಡಿದ ಎದುರಿನವರು ಅಂದು ಬರುತ್ತಾರೋ ಇಲ್ಲವೋ, ಬಂದರೆ ಎಲ್ಲಿ ಕೂರುತ್ತಾರೆ, ಇಷ್ಟು ಅದರಲ್ಲಿರಲಿ. ಉತ್ತರಕ್ಕೆ ತಾರೀಖು ಹಾಕಬೇಡ್ರಿ.